ನಾನಿಲ್ಲೇ ಕೂತಿರ್ತೀನಿ

ಶಿವಮೊಗ್ಗದಿಂದ ಅಮ್ಮ ದೆಹಲಿಗೆ ಬಂದಾಗಲೆಲ್ಲ ಊರು ತೋರಿಸಲು ಹೊರಡುತ್ತೇವೆ. ಮೊಣಕಾಲು ಸವೆದ ಮೇಲೆ ಅವರದು ಒಂದೇ ಮಾತು: "ನಾನಿಲ್ಲೇ ಕೂತಿರ್ತೀನಿ, ನೀವು ನೋಡ್ಕೊಂಡು ಬನ್ನಿ." ಅದು ವಯಸ್ಸಿನ ಮಾತು ಎಂದು ಬಹಳ ದಿನ ನಂಬಿದ್ದೆ. ಈ ಊರಿನ ಈಚಿನ ಚರಿತ್ರೆಯನ್ನು ಓದಿದ ಮೇಲೆ, ಅದು ಮೆಟ್ಟಿಲಿನ ಮಾತೂ ಹೌದು ಅನಿಸಿತು.

2001ರ ಜನವರಿಯಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಿದ್ದರು. ಕುತುಬ್ ಮಿನಾರ್, ಜಂತರ್ ಮಂತರ್‌ಗಳಲ್ಲಿ ಅವರ ಗಾಲಿಕುರ್ಚಿ ಸಾಗಲೆಂದು ಮರದ ತಾತ್ಕಾಲಿಕ ಇಳಿಜಾರುಗಳನ್ನು ಹಾಕಲಾಯಿತು. ಹಾಗೆ ಮಾಡಲೇಬೇಕೆಂದು ಪಟ್ಟು ಹಿಡಿದವರಲ್ಲಿ ಮುಖ್ಯರು ಜಾವೇದ್ ಆಬಿದಿ. ಅವರೂ ಗಾಲಿಕುರ್ಚಿಯಲ್ಲೇ ಓಡಾಡುತ್ತಿದ್ದವರು. ಅಮೆರಿಕದ ಡೇಟನ್‌ನಲ್ಲಿ ಓದುವಾಗ ಯಾರ ನೆರವೂ ಇಲ್ಲದೆ ತಿರುಗಾಡಿದ್ದ ಮನುಷ್ಯನಿಗೆ ಸ್ವದೇಶದಲ್ಲಿ ಹೆಜ್ಜೆ ಹೆಜ್ಜೆಗೂ ಎತ್ತುವ ಕೈಗಳು ಬೇಕಾದವು.

ಹಾಕಿಂಗ್ ಬರುವ ಹೊತ್ತಿಗೆ ಕಾನೂನಿಗೆ ಐದು ವರ್ಷ ತುಂಬಿತ್ತು. 1995ರ ಡಿಸೆಂಬರ್ 19ರಂದು ಅಂಗವಿಕಲರು ದೆಹಲಿಯ ಬೀದಿಗಿಳಿದರು. ಮೂರೇ ದಿನದಲ್ಲಿ ಮಸೂದೆ ಸಂಸತ್ತಿನಲ್ಲಿ ಪಾಸಾಯಿತು. ಕಟ್ಟಡಕ್ಕೆ ಇಳಿಜಾರು, ರಸ್ತೆಗೆ ಅನುಕೂಲ, ಎಲ್ಲವೂ ಅದರಲ್ಲಿತ್ತು. ಜೊತೆಗೆ 'ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ' ಎಂಬ ಮಾತೂ ಇತ್ತು. ಮಾಡಲು ಮನಸ್ಸಿಲ್ಲದವರಿಗೆ ಅಷ್ಟು ಸಾಕಲ್ಲವೆ?

ಆಬಿದಿ ಸುಪ್ರೀಂ ಕೋರ್ಟಿಗೆ ಹೋದರು. ವಿಮಾನ ಹತ್ತಿಸುವ ಆಂಬುಲಿಫ್ಟ್, ಒಳಗಿನ ಕಿರಿದಾದ ಓಣಿಯಲ್ಲಿ ಸಾಗುವ ಕುರ್ಚಿ ಇವು ಅವರ ಬೇಡಿಕೆಗಳು. 1998ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಮುಂದಿನ ಜಗಳ ಜನಗಣತಿಯದು. 1991ರಲ್ಲಿ ಅಂಗವೈಕಲ್ಯದ ಪ್ರಶ್ನೆಯನ್ನೇ ಕೇಳಿರಲಿಲ್ಲ. ಎಣಿಕೆಯಲ್ಲೇ ಇಲ್ಲದವರಿಗೆ ಬಜೆಟ್ಟಿನಲ್ಲಿ ಜಾಗವೆಲ್ಲಿ? ಹೋರಾಟದ ಫಲವಾಗಿ 2001ರಲ್ಲಿ ಪ್ರಶ್ನೆ ಸೇರಿತು, 2.19 ಕೋಟಿ ಜನ ಲೆಕ್ಕಕ್ಕೆ ಸಿಕ್ಕರು.

ಆದರೆ ನಮ್ಮಮ್ಮನಂಥವರು ಈ ಲೆಕ್ಕದಲ್ಲಿ ಬರುವುದು ಕಡಿಮೆ. ಮಂಡಿ ನೋವಿನವರು, ತುಂಬು ಗರ್ಭಿಣಿಯರು, ಕಾಲಿಗೆ ಪಟ್ಟಿ ಹಾಕಿಸಿಕೊಂಡವರು ಯಾರೂ ಪ್ರಮಾಣಪತ್ರ ಹಿಡಿದು ಓಡಾಡುವುದಿಲ್ಲ. 2002ರ ಡಿಸೆಂಬರ್‌ನಲ್ಲಿ ಶುರುವಾದ ದೆಹಲಿ ಮೆಟ್ರೋದ ಲಿಫ್ಟಿನ ಮುಂದೆ ಒಮ್ಮೆ ನಿಂತು ನೋಡಿ. ಗಾಲಿಕುರ್ಚಿಗೆಂದು ಮಾಡಿದ್ದು ಎಷ್ಟು ಜನರ ಪಾಲಿಗೆ ಒದಗಿದೆ ಎಂಬುದು ಗೊತ್ತಾಗುತ್ತದೆ.

2016ರ ಹೊಸ ಕಾಯ್ದೆ ಅಂಗವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ಏರಿಸಿತು. ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಐದು ವರ್ಷದ ಗಡುವನ್ನೂ ಕೊಟ್ಟಿತು. ಗಡುವು ಕಳೆಯಿತು. ಆಬಿದಿ 2018ರಲ್ಲಿ ತೀರಿಕೊಂಡರು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಈ ಕುರಿತ ನಿಯಮಗಳು ಬರೀ ಸಲಹೆಯಂತಿದ್ದರೆ ಸಾಲದು, ಕಡ್ಡಾಯವಾದದ್ದನ್ನು ಬೇರೆಯಾಗಿಯೇ ಬರೆಯಿರಿ ಎಂದು ಕೇಂದ್ರಕ್ಕೆ ಹೇಳಬೇಕಾಯಿತು. ಇಪ್ಪತ್ತೊಂಬತ್ತು ವರ್ಷಗಳ ಈ ಕಥೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ಅತಿಥಿಗೆ ಮಾಡುವ ಉಪಚಾರ ಒಂದು ವಾರದಲ್ಲಿ ಸಿದ್ಧವಾಗುತ್ತದೆ, ಮನೆಯವರ ಹಕ್ಕಿಗೆ ಒಂದು ತಲೆಮಾರು ಬೇಕಾಗುತ್ತದೆ.

ಕಳೆದ ಚಳಿಗಾಲದಲ್ಲಿ ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕುತುಬ್ ಮಿನಾರಿಗೆ ಕರೆದೊಯ್ದೆ. ಈಗ ಅಲ್ಲಿ ಕಾಯಂ ಇಳಿಜಾರುಗಳಿವೆ. ಕಬ್ಬಿಣದ ಕಂಬದ ಹತ್ತಿರ ಅಮ್ಮ ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದರು. "ಇದಕ್ಕೆ ತುಕ್ಕೇ ಹಿಡಿದಿಲ್ವಲ್ಲೋ!" ಎಂದರು.

ಮರಳಿದ ಮೇಲೆ ಗಮನಿಸಿದೆ. ನಮ್ಮ ಸೊಸೈಟಿಯಲ್ಲಿ ಲಿಫ್ಟ್ ಇದೆ. ಆದರೆ ಅದರವರೆಗೆ ಹೋಗಲು ಮೂರು ಮೆಟ್ಟಿಲು ಹತ್ತಬೇಕು. ಎಂಟು ವರ್ಷದಿಂದ ನಾನು ಅವನ್ನು ಲೆಕ್ಕಕ್ಕೇ ತಂದುಕೊಂಡಿರಲಿಲ್ಲ. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಅವನ್ನು ಬರೆಸಿದ್ದೇನೆ. ಅಮ್ಮ ಮತ್ತೆ ಬರುವುದು ದಸರೆಗೆ.