ಭೀಮೆ ಕೃಷ್ಣೆಯರ ನಡುವಣ ಹಳ್ಳಿಗಳು: ಜನ, ಮನೆ, ವರಮಾನ

ಊರಿನ ಚರಿತ್ರೆಯೆಂದೊಡನೆ ನಾವು ಕೋಟೆಗಳನ್ನೂ ಅರಸರನ್ನೂ ನೆನೆಯುತ್ತೇವೆ. ಆದರೆ ಎಷ್ಟು ಮನೆಗಳ ಒಲೆ ಉರಿಯಿತು, ಎಷ್ಟು ಮನೆಗಳ ಒಲೆ ನಂದಿತು ಎಂಬುದೂ ಚರಿತ್ರೆಯೇ. ಕುಟುಂಬಗಳ ಹೆಸರುಗಳನ್ನು ಪುಸ್ತಕದಲ್ಲಿ ಬರೆದಿಡುವ ಹೊಣೆ ಹೊತ್ತಿರುವ ನಾವು, ಶತಮಾನೋತ್ಸವದ ಈ ಸಂಚಿಕೆಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳ ಲೆಕ್ಕವನ್ನು ಸಂಕ್ಷೇಪವಾಗಿ ಓದುಗರ ಮುಂದಿಡಬಯಸುತ್ತೇವೆ.

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ನದಿಗಳಿದ್ದೂ ಈ ಸೀಮೆ ಬರಕ್ಕೆ ಹೆಸರಾಯಿತು. ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟದಲ್ಲಿಯೇ ಬಹುಪಾಲು ಬರಿದಾಗುವುದು ಇದಕ್ಕೆ ಕಾರಣ. ಎರೆಭೂಮಿ ಹಿಂಗಾರಿನ ತೇವವನ್ನು ಹಿಡಿದಿಟ್ಟುಕೊಂಡರೆ ಮಾತ್ರ ಬಿಳಿಜೋಳ ಕೈಗೆ ಬರುತ್ತದೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬುದು ಜನರ ಮಾತು. ಆ ಮಾತಿನ ‘ಬೆಳೆದರೆ’ ಎಂಬ ಒಂದು ಪದದಲ್ಲಿಯೇ ರೈತನ ವರಮಾನವೆಲ್ಲ ಅಡಗಿದೆ.

1872ರ ಜನಗಣತಿಯಲ್ಲಿ, ಆಗ ಕಲಾದಗಿಯೆನಿಸಿದ್ದ ಈ ಜಿಲ್ಲೆಯಲ್ಲಿ, ಇಂದಿನ ಬಾಗಲಕೋಟೆಯ ಭಾಗವೂ ಸೇರಿ, ಸುಮಾರು 8 ಲಕ್ಷ 16 ಸಾವಿರ ಜನರಿದ್ದರು. 1876ರಿಂದ 1878ರವರೆಗೆ ಮಹಾಕ್ಷಾಮ ಎರಗಿತು. 1881ರ ಎಣಿಕೆಗೆ ಸಿಕ್ಕವರು ಸುಮಾರು 6 ಲಕ್ಷ 38 ಸಾವಿರ. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಕಾಣೆಯಾಗಿದ್ದರು! ಕೆಲವರು ಮಣ್ಣಾದರು, ಕೆಲವರು ಕೂಳನ್ನರಸಿ ಪರಸೀಮೆಗೆ ಹೋದರು. ಅಂಕಿಯಲ್ಲಿ ಇವರಿಬ್ಬರೂ ಒಂದೇ. 1891ರಲ್ಲಿ ಸಂಖ್ಯೆ 7 ಲಕ್ಷ 96 ಸಾವಿರಕ್ಕೆ ಚೇತರಿಸಿಕೊಂಡರೂ, ಶತಮಾನದ ಕೊನೆಯ ಬರದ ತರುವಾಯ 1901ರಲ್ಲಿ 7 ಲಕ್ಷ 35 ಸಾವಿರಕ್ಕೆ ಮತ್ತೆ ಕುಸಿಯಿತು.

1880ರ ದಶಕದಲ್ಲಿ ಹೊಟಗಿಯಿಂದ ಗದಗಿನವರೆಗೆ ರೈಲು ಬಂದಿತು. ಅದು ಬರಗಾಲದಲ್ಲಿ ಕಾಳನ್ನು ಒಳತಂದಿತು, ದುಡಿಯುವ ಕೈಗಳನ್ನು ಹೊರಕ್ಕೂ ಒಯ್ದಿತು. ಸೊಲ್ಲಾಪುರದ ಗಿರಣಿಗಳು ಹತ್ತಿರವಾದವು. ಅಂದಿನಿಂದ ಹಳ್ಳಿಯ ಆದಾಯದ ಒಂದು ಪಾಲು ಹಳ್ಳಿಯ ಹೊರಗೇ ಹುಟ್ಟತೊಡಗಿತು.

ನೀರಾವರಿಯೂ ಬಂದಿತು. ಆದರೆ ಎಲ್ಲರಿಗೂ ಒಂದೇ ಬಗೆಯಾಗಿ ಅಲ್ಲ. 1964ರಲ್ಲಿ ಅಡಿಗಲ್ಲು ಕಂಡ ಆಲಮಟ್ಟಿಯ ಅಣೆಕಟ್ಟು ಕಾಲುವೆಯ ಹೊಲಗಳಿಗೆ ಬೆಳೆಯನ್ನು ಕೊಟ್ಟಿತು; ಕೃಷ್ಣೆಯ ದಂಡೆಯ ಹಳ್ಳಿಗರಿಂದ ಹೊಲಮನೆಗಳನ್ನು ಕಿತ್ತುಕೊಂಡಿತು. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಬಾವಿಯಿದ್ದವನಿಗೆ ಇದು ಸಂತಸದ ಸುದ್ದಿ. ಮಳೆಯನ್ನೇ ನಂಬಿದ ಚಿಕ್ಕ ಹಿಡುವಳಿದಾರನೂ ಹೊಲವಿಲ್ಲದ ಕೂಲಿಕಾರನೂ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆಂದು ಮಹಾರಾಷ್ಟ್ರಕ್ಕೂ ಗೋವೆಗೂ ಹೋಗುತ್ತಾರೆ. ತಾಂಡಾಗಳಲ್ಲಿಯೂ ಪಟ್ಟಣದ ಮಗ್ಗುಲ ಹಳ್ಳಿಗಳಲ್ಲಿಯೂ ಬೀಗ ಹಾಕಿದ ಬಾಗಿಲುಗಳನ್ನು ಕಾಣಬಹುದು. ತೆರೆದ ಬಾಗಿಲ ಒಳಗೆ ಅಜ್ಜ, ಅಜ್ಜಿ, ಮೊಮ್ಮಕ್ಕಳು.

ಒಂದೇ ಅಡುಗೆಯಲ್ಲಿ ಉಣ್ಣುವವರೆಲ್ಲ ಒಂದು ಕುಟುಂಬವೆಂಬುದು ಜನಗಣತಿಯ ನಿಯಮ. ಆದರೆ 2011ರ ಫೆಬ್ರುವರಿ 9ರಿಂದ 28ರವರೆಗೆ ನಡೆದ ಎಣಿಕೆಯ ಅವಧಿಯುದ್ದಕ್ಕೂ ಊರಲ್ಲಿಲ್ಲದವನನ್ನು ಅವನಿದ್ದ ಕಡೆಯಲ್ಲಿಯೇ ಎಣಿಸಬೇಕಾಗಿತ್ತು. ಜಿಲ್ಲೆಯ ಲೆಕ್ಕ ಆಗ 21,77,331. ನೂರರಲ್ಲಿ 77 ಮಂದಿ ಹಳ್ಳಿಗರು. ಕಬ್ಬಿನ ಗದ್ದೆಯ ಬದಿಯ ಗುಡಿಸಲಿಗೆ ಎಣಿಕೆದಾರನು ಹೋಗದಿದ್ದರೆ ಆ ಸಂಸಾರ ಎಲ್ಲಿಯೂ ಇಲ್ಲದಂತಾಗುತ್ತದೆ. ಇದು ಬರಿಯ ಅಂಕಿಯ ಮಾತಲ್ಲ. 2013ರ ಆಹಾರ ಭದ್ರತಾ ಕಾಯ್ದೆಯು ಪಡಿತರದ ಮಿತಿಯನ್ನು ಜನಗಣತಿಯ ಆಧಾರದ ಮೇಲೆಯೇ ಗೊತ್ತುಪಡಿಸಿತು. ಎಣಿಕೆಗೆ ಸಿಗದ ಬಾಯಿಗೆ ಕಾಳನ್ನು ಅಳೆಯುವವರು ಯಾರು?

2021ರಲ್ಲಿ ಆಗಬೇಕಿದ್ದ ಗಣತಿ ಮುಂದೆ ಹೋಯಿತು. ಆದುದರಿಂದ ನಮ್ಮದೊಂದು ಬಿನ್ನಹ: ದುಡಿಯಲು ದೂರ ಹೋದ ಮಕ್ಕಳಿಗೆ, ಇದ್ದಲ್ಲಿಯೇ ತಮ್ಮ ಹೆಸರನ್ನು ಬರೆಯಿಸುವಂತೆ ಹೇಳಿಕಳುಹಿಸಿರಿ. 1881ರ ಲೆಕ್ಕದಲ್ಲಿ ಕಳೆದುಹೋದವರ ಹೆಸರುಗಳನ್ನು ನಾವು ಮರಳಿ ಪಡೆಯಲಾರೆವು. ಇಂದು ಬದುಕಿರುವವರ ಹೆಸರುಗಳಾದರೂ ಉಳಿಯಲಿ.