ಮೈಸೂರು ವಿಶ್ವವಿದ್ಯಾನಿಲಯ: ಸ್ಥಾಪನೆಗೆ ಮುನ್ನಿನ ಆಲೋಚನೆ



ಮಕ್ಕಳು ಹನ್ನೊಂದನೆಯ ತರಗತಿಗೆ ಬಂದರೆಂದರೆ ನ್ಯೂಜೆರ್ಸಿಯ ನಮ್ಮ ಮನೆಗಳಲ್ಲಿ ಪ್ರಿನ್ಸ್‌ಟನ್, ಕೊಲಂಬಿಯಾ, ರಟ್ಗರ್ಸ್ ಎಂಬ ಹೆಸರುಗಳ ಹೊರತು ಬೇರೆ ಮಾತಿರುವುದಿಲ್ಲ. ಈ ಮೂರೂ 1746ರಿಂದ 1766ರೊಳಗೆ ಹುಟ್ಟಿದ ಸಂಸ್ಥೆಗಳು. ಅವುಗಳಿಗಿಂತ ನೂರೈವತ್ತು ವರ್ಷ ಕಿರಿದಾದ ಇನ್ನೊಂದು ವಿದ್ಯಾಸಂಸ್ಥೆಯ ಜನ್ಮವೃತ್ತಾಂತವನ್ನು ಇಂದು ನೆನೆಯೋಣ. ನಮ್ಮಲ್ಲಿ ಅನೇಕರು ಅದರ ಪದವಿಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡೇ ಈ ದೇಶಕ್ಕೆ ಬಂದಿಳಿದವರು.

ಮೊದಲು ಮೈಸೂರು ಸಂಸ್ಥಾನದ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಅಧೀನವಾಗಿದ್ದವು. ಏನನ್ನು ಕಲಿಸಬೇಕು, ಹೇಗೆ ಪರೀಕ್ಷಿಸಬೇಕು ಎಂಬುದು ಅಲ್ಲಿ ನಿರ್ಧಾರವಾಗುತ್ತಿತ್ತು. ಈ ಪರಾಧೀನತೆಯಿಂದ ಬಿಡಿಸಿಕೊಳ್ಳಬೇಕೆಂದು ಬಯಸಿದ ಸಂಸ್ಥಾನವು ಅವಸರ ಪಡಲಿಲ್ಲ. ಸಿ. ಆರ್. ರೆಡ್ಡಿಯವರನ್ನು ನಾವು ಇಂದು ನೆಲೆಸಿರುವ ಈ ಅಮೆರಿಕಕ್ಕೂ ಥಾಮಸ್ ಡೆನ್‌ಹ್ಯಾಮರನ್ನು ಆಸ್ಟ್ರೇಲಿಯಾಕ್ಕೂ ಕಳುಹಿಸಿ ಅಲ್ಲಿನ ವಿಶ್ವವಿದ್ಯಾನಿಲಯಗಳ ಕಾರ್ಯವಿಧಾನವನ್ನು ಅರಿತುಬರುವಂತೆ ಮಾಡಿತು. ಜಾಗತೀಕರಣವೆಂಬ ಪದವೇ ಹುಟ್ಟದಿದ್ದ ಕಾಲವದು! ಬಳಿಕವೇ, 1916ರ ಜುಲೈ 27ರಂದು, ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿಗಳಾಗಿ, ಎಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳಾಗಿ ವಿಶ್ವವಿದ್ಯಾನಿಲಯವು ಅಸ್ತಿತ್ವಕ್ಕೆ ಬಂದಿತು. ಇದರ ಹಿಂದಿದ್ದ ಪ್ರೇರಕಶಕ್ತಿ ದಿವಾನ್ ವಿಶ್ವೇಶ್ವರಯ್ಯನವರು. ಆರಂಭದಲ್ಲಿದ್ದುದು ಮೈಸೂರಿನ ಮಹಾರಾಜಾ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು, ಇವೆರಡೇ. ಮರುವರ್ಷ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. 1921ರಲ್ಲಿ ಕುಲಪತಿಗಳಾಗಿ ಬಂದ ಬ್ರಜೇಂದ್ರನಾಥ ಸೀಲರು ಬಂಗಾಳದವರು. ಯೋಗ್ಯರು ಎಲ್ಲಿದ್ದರೂ ಕರೆತರುವುದು ಅಂದಿನ ರೀತಿ.

ಆದರೆ ನಮ್ಮ ಹೆಮ್ಮೆಗೊಂದು ಕೊರತೆಯೂ ಉಂಟು. ಲೋಕವನ್ನೆಲ್ಲ ನೋಡಿ ಕಟ್ಟಿದ ಈ ವಿದ್ಯಾಮಂದಿರದಲ್ಲಿ ಬೋಧನೆ ನಡೆದುದು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಎಡೆ ಮಾಡಿದುದು ಹೆಚ್ಚಾಗಿ ಅಧ್ಯಾಪಕರ ಆಸ್ಥೆಯೇ. 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳು ಹೊರಡಿಸಿದ ‘ಪ್ರಬುದ್ಧ ಕರ್ಣಾಟಕ’ ಇದಕ್ಕೆ ಸಾಕ್ಷಿ. ಕುವೆಂಪು ಅವರು 1956ರಲ್ಲಿ ಕುಲಪತಿಗಳಾದ ಮೇಲೆ ಪದವಿ ತರಗತಿಗಳಲ್ಲಿ ಕನ್ನಡ ಮಾಧ್ಯಮಕ್ಕೆ ದಾರಿ ತೆರೆದು, ಬೇಕಾದ ಪಠ್ಯಗಳನ್ನು ಅಧ್ಯಾಪಕರಿಂದಲೇ ಬರೆಯಿಸಲು ಮುಂದಾದರು. ಮೂಲ ಯೋಜನೆಯಲ್ಲಿ ಬಿಟ್ಟುಹೋಗಿದ್ದುದನ್ನು ನಲವತ್ತು ವರ್ಷಗಳ ತರುವಾಯ ಸೇರಿಸಿದಂತಾಯಿತೆಂದೇ ನಮ್ಮ ಎಣಿಕೆ.

ಇಷ್ಟೆಲ್ಲ ಹೇಳಲು ಕಾರಣವಿದೆ. ಕರ್ನಾಟಕದಲ್ಲಿ ಇತ್ತೀಚೆಗೆ ಹಾಸನ, ಚಾಮರಾಜನಗರ, ಕೊಡಗು ಮೊದಲಾದೆಡೆ ಹೊಸ ವಿಶ್ವವಿದ್ಯಾನಿಲಯಗಳು ಒಟ್ಟೊಟ್ಟಿಗೆ ಸ್ಥಾಪನೆಯಾದವು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯು ಹಣದ ಕೊರತೆಯೇ ಮೊದಲಾದ ಕಾರಣಗಳಿಂದ ಒಂಬತ್ತನ್ನು ಮುಚ್ಚುವ ಪ್ರಸ್ತಾವವನ್ನು ಮುಂದಿಟ್ಟಿತು. ಆ ಸುದ್ದಿ ನಮ್ಮನ್ನು ತಲುಪಿದಾಗ ಅಲ್ಲಿನ ತರಗತಿಗಳಲ್ಲಿ ವಿದ್ಯಾರ್ಥಿಗಳು ಕುಳಿತಿದ್ದರು.