ತವರು: ಬಿಟ್ಟು ಬಂದ ಮೇಲೆ ದಕ್ಕುವ ಪದ

ಮನೆಯನ್ನು ಹೇಳುವ ಕನ್ನಡದ ಪದಗಳಲ್ಲಿ ‘ತವರು’ ಎಂಬುದು ಒಂದು ವಿಷಯದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಮನೆಯೊಳಗೆ ಇರುವವರು ಆ ಮನೆಯನ್ನು ಆ ಹೆಸರಿನಿಂದ ಕರೆಯುವುದಿಲ್ಲ, ಅಲ್ಲಿಂದ ಹೊರಟು ಹೋದವರು ಮಾತ್ರ ಕರೆಯುತ್ತಾರೆ. ಮದುವೆಯಾಗದ ಹುಡುಗಿಗೆ ಇರುವುದು ‘ನಮ್ಮ ಮನೆ’. ಧಾರೆ ಎರೆದು, ಮಡಿಲು ತುಂಬಿ ಕಳುಹಿಸಿದ ದಿನದಿಂದ ಅದೇ ಜಗಲಿ, ಅದೇ ಹಿತ್ತಿಲು, ಅದೇ ಬಾವಿಕಟ್ಟೆ ಆಕೆಯ ಬಾಯಲ್ಲಿ ‘ತವರು’ ಎನಿಸಿಕೊಳ್ಳುತ್ತವೆ. ಆಕೆಯ ಜೊತೆಗೇ ಅಲ್ಲಿ ಬೆಳೆದ ಅಣ್ಣತಮ್ಮಂದಿರಿಗೆ ಆ ಪದದ ಅಗತ್ಯವೇ ಬೀಳುವುದಿಲ್ಲ. ಈ ಪದದ ಪೂರ್ತಿ ಅಳತೆಯನ್ನು ಬಲ್ಲವಳು ಮೊಮ್ಮಕ್ಕಳನ್ನು ಕಂಡ ಅಜ್ಜಿ, ಏಕೆಂದರೆ ಆಕೆ ಒಂದು ತವರನ್ನು ಬಿಟ್ಟು ಬಂದವಳೂ ಹೌದು, ಮಗಳ ಪಾಲಿಗೆ ತಾನೇ ತವರಾಗಿ ಕುಳಿತವಳೂ ಹೌದು.

ಹಳಗನ್ನಡದಲ್ಲಿ ‘ತವರ್’, ‘ತವರ್ಮನೆ’ ಎಂಬ ರೂಪಗಳಿಗೆ ಹುಟ್ಟಿದ ಎಡೆ, ಮೂಲ, ನೆಲೆ ಎಂಬ ವಿಶಾಲವಾದ ಅರ್ಥವಿತ್ತು. ಗುಣಕ್ಕೆ, ಕಲೆಗೆ, ಸಿರಿಗೆ ಯಾರನ್ನಾದರೂ ತವರ್ಮನೆ ಎಂದು ಹೊಗಳುವುದು ಕವಿಗಳ ರೂಢಿಯಾಗಿತ್ತು. ಆಡುಮಾತಿನಲ್ಲಿ ಪದ ಬೇರೆ ಬೇರೆ ಉಚ್ಚಾರ ಪಡೆದು ಹಳೇ ಮೈಸೂರಿನ ಕಡೆ ‘ತೌರು’, ಉತ್ತರ ಕರ್ನಾಟಕದಲ್ಲಿ ‘ತವರಮನಿ’ ಎಂದಾಯಿತು. ಒಂದು ಸ್ವರದಷ್ಟೇ ದೂರದಲ್ಲಿರುವ ‘ತವರ’ ಎಂಬ ಪದ ಪಾತ್ರೆಗಳಿಗೆ ಕಲಾಯಿ ಹಾಕುವ ಲೋಹದ ಹೆಸರಾಗಿದ್ದು, ಅದಕ್ಕೂ ತವರಿಗೂ ಅರ್ಥದಲ್ಲಿ ನಂಟಿಲ್ಲ. ನೆರೆಯ ಭಾಷೆಗಳ ಜೊತೆ ಹೋಲಿಸಿದರೆ ಕನ್ನಡದ ಪದದ ಸ್ವಭಾವ ಇನ್ನಷ್ಟು ತಿಳಿಯಾಗುತ್ತದೆ. ತೆಲುಗಿನ ‘ಪುಟ್ಟಿಲ್ಲು’ ಹುಟ್ಟಿದ ಮನೆ ಎಂದು ನೇರವಾಗಿ ಹೇಳುತ್ತದೆ; ಮರಾಠಿಯ ‘ಮಾಹೇರ’ ಮತ್ತು ಹಿಂದಿಯ ‘ಮಾಯಕಾ’ ತಾಯಿಯನ್ನು ಒಳಗಿಟ್ಟುಕೊಂಡಿವೆ; ಹಿಂದಿಯ ಇನ್ನೊಂದು ಪದ ‘ಪೀಹರ’ ತಂದೆಯ ಮನೆ ಎಂಬ ಮೂಲದಿಂದ ಬಂದಿದೆ. ಇಂದು ಕನ್ನಡವನ್ನಾಡುವವರ ಕಿವಿಗೆ ‘ತವರು’ ಎಂಬಲ್ಲಿ ತಾಯಿಯೂ ಕೇಳುವುದಿಲ್ಲ, ತಂದೆಯೂ ಕೇಳುವುದಿಲ್ಲ, ದೂರವಷ್ಟೇ ಕೇಳುತ್ತದೆ.

ಈ ದೂರವನ್ನು ಅಳೆಯುವ ಕೆಲಸವನ್ನು ಪದದ ಜೊತೆ ಸೇರುವ ಕ್ರಿಯಾಪದಗಳು ಮಾಡುತ್ತವೆ. ‘ಆಕೆ ತವರಿಗೆ ಹೋಗಿದ್ದಾಳೆ’ ಎಂದರೆ ಹಬ್ಬಕ್ಕೋ ಹೆರಿಗೆಗೋ ಹೋಗಿ ಮರಳುವವಳು ಎಂದು ಅರ್ಥ. ‘ಆಕೆ ತವರು ಸೇರಿದ್ದಾಳೆ’ ಎಂದರೆ ಸಂಸಾರ ಒಡೆದಿದೆ ಎಂದು ಅರ್ಥ. ಒಂದು ಕ್ರಿಯಾಪದ ಬದಲಾಗುವುದರಲ್ಲಿ ಒಂದು ಬದುಕಿನ ತಿರುವೇ ಅಡಗಿದೆ. ಹೋಗುವುದಕ್ಕೆ ಸಮಾಜ ಗೊತ್ತುಪಡಿಸಿದ ಕಾಲಗಳೂ ಇದ್ದವು. ಹೊಸದಾಗಿ ಮದುವೆಯಾದವಳು ಮೊದಲ ಆಷಾಢವನ್ನು ತವರಿನಲ್ಲಿ ಕಳೆಯಬೇಕು. ಚೊಚ್ಚಲ ಹೆರಿಗೆಯೂ ಅದರ ನಂತರದ ಬಾಣಂತನವೂ, ಅಂದರೆ ಹೆತ್ತವಳಿಗೂ ಕೂಸಿಗೂ ಎರೆದು ಪಥ್ಯದಲ್ಲಿ ನೋಡಿಕೊಳ್ಳುವ ಆರೈಕೆಯೂ, ತವರಿನ ಹೊಣೆ. ಹಳೇ ಮೈಸೂರಿನಲ್ಲಿ ಭಾದ್ರಪದದ ಗೌರಿಹಬ್ಬಕ್ಕೆ ತವರಿನಿಂದ ಸೀರೆಯೋ ಬಾಗಿನದ ದುಡ್ಡೋ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಆ ಸ್ಥಾನ ಶ್ರಾವಣದ ನಾಗರಪಂಚಮಿಗೆ ಸಲ್ಲುತ್ತದೆ. ಅಣ್ಣನೋ ತಮ್ಮನೋ ಹೋಗಿ ಕರೆತಂದ ಅಕ್ಕತಂಗಿಯರು ಉಂಡಿ ಕಟ್ಟುತ್ತಾರೆ, ಮರಕ್ಕೆ ಹಗ್ಗ ಬಿಗಿದು ಜೋಕಾಲಿ ಆಡುತ್ತಾರೆ. ಹಲಸಂಗಿಯ ಗೆಳೆಯರು ಎಂಬ ಬಳಗದವರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಎಂಬ ತ್ರಿಪದಿಗಳ ಸಂಕಲನದಲ್ಲಿ ತವರಿಗೆ ಅಷ್ಟು ದೊಡ್ಡ ಜಾಗ ಸಿಕ್ಕಿರುವುದಕ್ಕೆ ಕಾರಣ ಇಲ್ಲಿದೆ: ಬೀಸುವ ಕಲ್ಲಿನ ಮುಂದೆ ಕೂತು ಹಾಡಿದವರಲ್ಲಿ ಹೆಚ್ಚಿನವರು ಬೇರೆ ಊರಿನಿಂದ ಬಂದ ಹೆಣ್ಣುಮಕ್ಕಳಾಗಿದ್ದರು.

ತವರಿನ ಮಾತು ಬಂದಾಗ ತಾಯಿಯನ್ನೂ ಅಣ್ಣನನ್ನೂ ನೆನೆಯುವುದು ಹಾಡುಗಳ ವಾಡಿಕೆ, ಆದರೆ ಅಜ್ಜಿಯ ನೆನಪಿನ ತವರಿನಲ್ಲಿ ಹೆಚ್ಚು ಜಾಗ ಹಿಡಿಯುವವರು ಅಕ್ಕತಂಗಿಯರು. ಒಂದೇ ಬಸಿರಿನಿಂದ ಬಂದವರನ್ನು ಕನ್ನಡ ‘ಒಡಹುಟ್ಟಿದವರು’, ಅಂದರೆ ಜೊತೆಯಲ್ಲಿ ಹುಟ್ಟಿದವರು, ಎನ್ನುತ್ತದೆ. ಆದರೆ ಜೊತೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಜೊತೆಯಲ್ಲಿ ಬಾಳುವ ವ್ಯವಸ್ಥೆ ಇಲ್ಲದ್ದರಿಂದ, ಒಬ್ಬೊಬ್ಬರು ಒಂದೊಂದು ಊರಿಗೆ ಸೇರಿ, ತವರಿನ ಮಾತಿನಲ್ಲಿ ‘ಶಿರಸಿ ಅಕ್ಕ’, ‘ತುಮಕೂರು ಚಿಕ್ಕಮ್ಮ’ ಎಂದು ಕೊಟ್ಟ ಊರಿನ ಹೆಸರನ್ನೇ ಹೊತ್ತುಕೊಳ್ಳುತ್ತಾರೆ. ಅವರನ್ನು ಬಿಗಿದಿಡುವ ಸಂಬಂಧಪದಗಳಿಗೂ ಕೊರತೆಯಿಲ್ಲ. ತಾಯಿಯ ಅಕ್ಕ ದೊಡ್ಡಮ್ಮ, ತಾಯಿಯ ತಂಗಿ ಚಿಕ್ಕಮ್ಮ, ಹೀಗೆ ಇಬ್ಬರೂ ಅಮ್ಮಂದಿರೇ. ಅದೇ ಲೆಕ್ಕದಲ್ಲಿ ಅಕ್ಕನ ಮೊಮ್ಮಕ್ಕಳು ತಂಗಿಗೂ ಮೊಮ್ಮಕ್ಕಳೇ ಆಗಿ, ಆಕೆಯನ್ನು ಚಿಕ್ಕಜ್ಜಿ ಎನ್ನುತ್ತಾರೆ. ಅಕ್ಕತಂಗಿಯರ ಗಂಡಂದಿರು ಪರಸ್ಪರ ‘ಷಡ್ಡಕ’ರು, ಹೆಂಡತಿಯರ ಒಡಹುಟ್ಟಿನಿಂದಲೇ ನಂಟು ಪಡೆದ ಗಂಡಸರಿಗಾಗಿ ಭಾಷೆ ಒಂದು ಪದವನ್ನೇ ಮೀಸಲಿಟ್ಟಿದೆ.

ಅಕ್ಕತಂಗಿಯರ ಒಡನಾಟದ ಬಾಲ್ಯಕ್ಕೆ ಒಂದು ವಸ್ತು ಸಾಕ್ಷಿಯಾಗಿ ಉಳಿದಿದೆ. ಎರಡು ಸಾಲುಗಳಲ್ಲಿ ಏಳೇಳು ಗುಳಿಗಳನ್ನು ಕೊರೆದ ಮರದ ಹಲಗೆಯನ್ನು ಅಳಿಗುಳಿಮಣೆ ಎನ್ನುತ್ತಾರೆ. ಹುಣಸೆ ಬೀಜವನ್ನೋ ಮಂಜಾಡಿಯನ್ನೋ ಗುಳಿಗಳಿಗೆ ಹಂಚುತ್ತ ಇಬ್ಬರು ಎದುರುಬದುರು ಕೂತು ಆಡುವ ಆಟ ಅದು. ತುಳುನಾಡಿನಲ್ಲಿ ಚೆನ್ನೆಮಣೆ ಎನಿಸುವ ಇದೇ ಹಲಗೆಯ ಸುತ್ತ ಸಿರಿ ಪಾಡ್ದನದ ಕೊನೆಯ ಭಾಗ ನಡೆಯುತ್ತದೆ. ಪಾಡ್ದನವೆಂದರೆ ತುಳುವಿನ ಮೌಖಿಕ ಕಥನಕಾವ್ಯ. ಅದರ ನಾಯಕಿ ಸಿರಿಯ ಮೊಮ್ಮಕ್ಕಳಾದ ಅಬ್ಬಗ ಮತ್ತು ದಾರಗ ಎಂಬ ಅವಳಿ ಹುಡುಗಿಯರು ಚೆನ್ನೆಯಾಟದಲ್ಲಿ ಜಗಳವಾಡುತ್ತಾರೆ, ಒಬ್ಬಳು ಹಲಗೆಯಿಂದ ಹೊಡೆದಾಗ ಇನ್ನೊಬ್ಬಳು ಸಾಯುತ್ತಾಳೆ, ಹೊಡೆದವಳು ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರಾಳಿಗಳಾಗಿ ಚೆನ್ನೆ ಆಡಬಾರದು ಎಂಬ ನಂಬಿಕೆ ಈ ಕಥೆಯ ನೆರಳಿನಲ್ಲೇ ಬೆಳೆದಿದೆ. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೋಂಕೊ ಅವರು ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು 1998ರಲ್ಲಿ ಪ್ರಕಟಿಸಿದಾಗ ಅಕ್ಕತಂಗಿಯರ ಈ ದುರಂತ ಜಗತ್ತಿನ ಮಹಾಕಾವ್ಯಗಳ ಅಧ್ಯಯನದೊಳಗೆ ಸೇರಿತು. ಅದೇ ತುಳುನಾಡಿನಲ್ಲಿ ಅಳಿಯಸಂತಾನ ಕಟ್ಟಿನ ಪ್ರಕಾರ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿದು ಸೋದರಮಾವನಿಂದ ಸೋದರಳಿಯನ ಕೈಗೆ ಆಡಳಿತ ಬರುವ ಪದ್ಧತಿಯಲ್ಲಿ, ಹೆಣ್ಣುಮಗಳು ಗಂಡನ ಊರಿನಲ್ಲಿ ವಾಸವಿದ್ದರೂ ಆಕೆಯೂ ಆಕೆಯ ಮಕ್ಕಳೂ ತಾಯಿಯ ಕುಟುಂಬಕ್ಕೇ ಸೇರಿದವರಾಗಿದ್ದರು. ಅಲ್ಲಿ ಬಿಟ್ಟು ಬಂದ ಮನೆಯೇ ಹಕ್ಕಿನ ಮನೆಯಾಗಿತ್ತು.

ಘಟ್ಟದ ಮೇಲಿನ ಕನ್ನಡನಾಡಿನಲ್ಲಿ ತವರಿಗೂ ಗಂಡನ ಮನೆಗೂ ನಡುವಿನ ಅಂತರವನ್ನು ಕಡಿಮೆ ಮಾಡಿದ್ದು ಸೋದರ ಸಂಬಂಧದ ಮದುವೆ. ಅಕ್ಕನ ಮಗಳನ್ನು ತಮ್ಮ ತಂದುಕೊಂಡಾಗ ತಾಯಿಯ ತವರೇ ಮಗಳಿಗೆ ಗಂಡನ ಮನೆಯಾಗುತ್ತದೆ, ಅಜ್ಜಿಯೇ ಅತ್ತೆಯಾಗುತ್ತಾಳೆ, ರಜೆಗೆ ಬಂದು ಆಡಿದ ಹಿತ್ತಿಲೇ ಸಂಸಾರದ ಹಿತ್ತಿಲಾಗುತ್ತದೆ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು ಭಾರತದ ಬಂಧುತ್ವ ವ್ಯವಸ್ಥೆಯ ಬಗ್ಗೆ 1953ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಉತ್ತರದ ಹೆಣ್ಣುಮಗಳು ಅಪರಿಚಿತರ ನಡುವೆ ಹೋಗಿ ಬೀಳುವುದನ್ನೂ ದಕ್ಷಿಣದ ಹೆಣ್ಣುಮಗಳು ಬಲ್ಲವರ ನಡುವೆಯೇ ಉಳಿಯುವುದನ್ನೂ ಎದುರುಬದುರು ಇಟ್ಟು ತೋರಿಸಿದ್ದಾರೆ. ತವರು ಒಂದು ವರವಾಗಿಯೇ ಇರಬೇಕೆಂದೂ ಇಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಕಾದಂಬರಿಯ ನಾಯಕಿ ಬಾಲ್ಯದಲ್ಲೇ ವಿಧವೆಯಾಗಿ ತವರಿನಲ್ಲೇ ಬದುಕು ಸವೆಸುತ್ತಾಳೆ; ಗಂಡನ ಮನೆಯನ್ನು ಸೇರದೆಯೇ ತವರಿನಲ್ಲಿ ಉಳಿದವಳಿಗೆ ಆ ಮನೆ ‘ನಮ್ಮ ಮನೆ’ಯಾಗಿ ಮತ್ತೆ ಸಿಗುವುದಿಲ್ಲ.

ಪದದ ಒಳಗಿದ್ದ ಈ ಗೆರೆಯನ್ನು ಕಾನೂನೂ ಒಮ್ಮೆ ಎಳೆದಿತ್ತು. ಕರ್ನಾಟಕದ ತಿದ್ದುಪಡಿಯೊಂದು 1994ರ ಜುಲೈ 30ರಿಂದ ಜಾರಿಗೆ ಬಂದು, ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು; ಆದರೆ ಆ ದಿನಕ್ಕಿಂತ ಮೊದಲು ಮದುವೆಯಾದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತು. ಅಂದರೆ ಯಾರಿಗೆ ಹುಟ್ಟಿದ ಮನೆ ಆಗಲೇ ತವರಾಗಿತ್ತೋ ಅವರಿಗೆ ಅದರಲ್ಲಿ ಪಾಲಿರಲಿಲ್ಲ. ಇಂದಿನ ಅಜ್ಜಿಯರಲ್ಲಿ ಬಹುಪಾಲು ಮಂದಿ ಆ ಗೆರೆಯ ಆಚೆಗೇ ಉಳಿದರು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಆ ಭೇದವನ್ನು ತೆಗೆಯಿತು, ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ, ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕಾಗಿಯೂ ಇಲ್ಲ ಎಂದು ತೀರ್ಪಿತ್ತಿತು. ಹಾಗಿದ್ದರೂ ಅಣ್ಣತಮ್ಮಂದಿರು ಮುಂದಿಟ್ಟ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ. ‘ಅರಿಶಿನ ಕುಂಕುಮಕ್ಕೆ’ ಎಂದು ಹೇಳಿ ಮಗಳಿಗೆ ತುಂಡು ಜಮೀನು ಕೊಡುವುದು ಹಳೆಯ ರೂಢಿ. ಅದಕ್ಕೆ ಪ್ರತಿಯಾಗಿ ಆಕೆ ಉಳಿದದ್ದನ್ನು ಕೇಳುವುದಿಲ್ಲ, ಪಂಚಮಿಗೂ ಗೌರಿಗೂ ಬಾಗಿಲು ತೆರೆದಿರಲಿ ಎಂದು ಬಯಸುತ್ತಾಳೆ. ಪಾಲು ಕೇಳಿದರೆ ತವರು ಹೋಗುತ್ತದೆ, ತವರು ಉಳಿಸಿಕೊಂಡರೆ ಪಾಲು ಹೋಗುತ್ತದೆ ಎಂಬ ಲೆಕ್ಕದಲ್ಲಿ ಈ ಪದ ನ್ಯಾಯದ ಎದುರು ನಿಲ್ಲುತ್ತದೆ ಎನ್ನುವುದನ್ನು ಮರೆಮಾಚಬೇಕಾಗಿಲ್ಲ.

ಪತ್ರಿಕೆಗಳ ಕನ್ನಡದಲ್ಲಿ ತವರು ಇನ್ನೊಂದು ದಿಕ್ಕಿಗೆ ಹರಡಿದೆ. ಮಂತ್ರಿಗೆ ‘ತವರು ಜಿಲ್ಲೆ’ ಇದೆ, ಕ್ರಿಕೆಟ್ ತಂಡಕ್ಕೆ ‘ತವರು ಅಂಗಳ’ ಇದೆ, ಹೊರದೇಶಕ್ಕೆ ದುಡಿಯಲು ಹೋದವನಿಗೆ ‘ತವರುನಾಡು’ ಇದೆ. ಹೆಣ್ಣಿನ ಪದವೊಂದು ಗಂಡಸಿಗೂ ದಕ್ಕಿದ್ದು ಆತ ಊರು ಬಿಟ್ಟು ನಡೆದ ಮೇಲೆಯೇ. ‘ತವರಿಗೆ ಬಾ ತಂಗಿ’ (2002) ಎಂಬ ಚಲನಚಿತ್ರದ ಹೆಸರಿನಲ್ಲಿ ಹಳೆಯ ಅರ್ಥ ಮನೆಮಾತಾಗಿ ಉಳಿದಿರುವ ಹೊತ್ತಿಗೇ, ಬೆಂಗಳೂರಿನಿಂದ ಹೊರಡುವ ವಿಮಾನಗಳಲ್ಲಿ ಪದದ ದಿಕ್ಕು ತಿರುಗಿದೆ. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ತಾಯಿ ಅಂಟಿನುಂಡೆ, ಲೇಹ್ಯ, ಹಳೆಯ ಮೆತ್ತನೆಯ ಸೀರೆಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಕೆಲವು ತಿಂಗಳ ವೀಸಾದ ಮೇಲೆ ಹೋಗುತ್ತಾಳೆ. ಮಗಳು ತವರಿಗೆ ಬರುವ ಬದಲು ತವರೇ ಮಗಳ ಬಳಿಗೆ ಹೊರಡುತ್ತದೆ. ಅಲ್ಲಿಂದ ಹಿಂದಿರುಗಿದ ಅಜ್ಜಿಯ ಮನೆಯನ್ನು ಮಗ ‘ಮನೆ’ ಎನ್ನುತ್ತಾನೆ, ಸೊಸೆ ‘ಅತ್ತೆಮನೆ’ ಎನ್ನುತ್ತಾಳೆ, ಮಗಳು ‘ತವರು’ ಎನ್ನುತ್ತಾಳೆ, ಮಗಳ ಮಕ್ಕಳು ‘ಅಜ್ಜಿ ಮನೆ’ ಎನ್ನುತ್ತಾರೆ. ಅದೇ ಮನೆಯನ್ನು ಅಜ್ಜಿ ಮಾತ್ರ ಬಹುಕಾಲ ‘ನಮ್ಮತ್ತೆಯವರ ಮನೆ’ ಎಂದೇ ಕರೆದಿರುತ್ತಾಳೆ.

ಹಾಗಾದರೆ ಅಜ್ಜಿಯ ‘ನಮ್ಮ ಮನೆ’ ಎಲ್ಲಿ ಉಳಿದಿದೆ ಎಂಬ ಪ್ರಶ್ನೆಗೆ ಉತ್ತರ ಆಕೆ ತನ್ನ ಅಕ್ಕತಂಗಿಯರ ಜೊತೆ ಆಡುವ ಮಾತಿನಲ್ಲಿದೆ. ‘ತವರು’ ಎಂಬುದು ಗಂಡನ ಮನೆಯವರ ಮುಂದೆ, ನೆರೆಹೊರೆಯವರ ಮುಂದೆ ಬಳಸುವ ಪದ. ವಯಸ್ಸಾದ ಇಬ್ಬರು ಅಕ್ಕತಂಗಿಯರು ಫೋನಿನಲ್ಲಿ ಮಾತಿಗೆ ಕೂತಾಗ ಅದು ತಾನಾಗಿ ಉದುರಿಹೋಗಿ, ‘ಆಗ ನಮ್ಮ ಮನೇಲಿ’, ‘ನಮ್ಮ ಹಿತ್ತಿಲಲ್ಲಿ’ ಎಂಬ ಹಳೆಯ ಮಾತು ಮರಳುತ್ತದೆ. ಆ ಹಿತ್ತಿಲು ಈಗ ಸೈಟುಗಳಾಗಿ ಮಾರಾಟವಾಗಿರಬಹುದು, ಮನೆಯನ್ನು ಕೆಡವಿ ಅಣ್ಣನ ಮಕ್ಕಳು ತಾರಸಿ ಕಟ್ಟಿಸಿರಬಹುದು. ಅದನ್ನು ಹಾಗೆ ಕರೆಯಲು ಇಬ್ಬರಾದರೂ ಇರುವವರೆಗೆ ಅದು ಮನೆಯಾಗಿಯೇ ಇರುತ್ತದೆ. ಅಕ್ಕತಂಗಿಯರಲ್ಲಿ ಕೊನೆಗೆ ಉಳಿದವಳಿಗೆ ಅದು ಮತ್ತೆ ತವರು ಮಾತ್ರ.

ಆಧಾರ್ ಕಾರ್ಡಿನಲ್ಲಿ, ಪಡಿತರ ಚೀಟಿಯಲ್ಲಿ, ಪಹಣಿಯಲ್ಲಿ ಅಜ್ಜಿಯ ಹೆಸರಿನ ಪಕ್ಕ ಗಂಡನ ಹೆಸರಿರಬಹುದು, ಆಕೆಯ ತವರೂರಿನ ಹೆಸರು ಇರುವುದಿಲ್ಲ. ಅಜ್ಜಿಯ ಮನೆಗೆ ರಜೆಗೆಂದು ಬಂದ ಮೊಮ್ಮಕ್ಕಳು ಆಕೆಯ ತವರೂರು ಯಾವುದು, ಆಕೆಯ ಅಕ್ಕತಂಗಿಯರ ಹೆಸರೇನು, ಯಾರನ್ನು ಯಾವ ಊರಿಗೆ ಕೊಟ್ಟಿತ್ತು ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಆ ಹಾಳೆಯನ್ನು ಬರೆಸಬಲ್ಲವಳು ಆಕೆಯೊಬ್ಬಳೇ.